ಸೈನಿಕರನ್ನು ಅಳೆಯುವ ಕೋಲು ಯಾವುದು?

(ಒಂದು ಸಂಜೆಯ ಸಭೆಯಲ್ಲಿ ಆಡಿದ ಮಾತುಗಳಿವು. ಬರಹಕ್ಕೆ ಇಳಿಸುವಾಗ ಅಲ್ಲಲ್ಲಿ ತಿದ್ದಿದ್ದೇನೆ. ಕೊನೆಯಲ್ಲಿ ಬಂದ ಒಂದೆರಡು ಪ್ರಶ್ನೆಗಳನ್ನು ಮಾತಿನ ನಡುವೆಯೇ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

2020ರ ಜನವರಿ 22ರಂದು ದಕ್ಷಿಣ ಕೊರಿಯಾದ ಸೋಲ್ ನಗರದಲ್ಲಿ ಒಂದು ಪತ್ರಿಕಾಗೋಷ್ಠಿ ನಡೆಯಿತು. ಕ್ಯಾಮೆರಾಗಳ ಎದುರು ಸೇನೆಯ ಸಮವಸ್ತ್ರದಲ್ಲಿ ಒಬ್ಬ ಯುವತಿ ನಿಂತಿದ್ದರು. ಹೆಸರು ಬ್ಯುನ್ ಹೀ-ಸೂ. ಕೆಲಸ ಟ್ಯಾಂಕ್ ಓಡಿಸುವುದು. ಹುಟ್ಟಿದಾಗ ಗಂಡು ಎಂದು ದಾಖಲಾಗಿದ್ದವರು. ಕೆಲವೇ ತಿಂಗಳ ಹಿಂದೆ ರಜೆ ಪಡೆದು ಥಾಯ್ಲೆಂಡಿಗೆ ಹೋಗಿ, ಲಿಂಗ ಬದಲಾವಣೆಯ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಬಂದಿದ್ದರು. ಇದೇನೂ ಕದ್ದುಮುಚ್ಚಿ ಮಾಡಿದ ಕೆಲಸ ಅಲ್ಲ. ಮೇಲಧಿಕಾರಿಗಳಿಗೆ ಗೊತ್ತಿತ್ತು, ರಜೆ ಕೊಟ್ಟವರೂ ಅವರೇ. ವಾಪಸ್ ಬಂದ ಮೇಲೆ ಸೇನಾ ಆಸ್ಪತ್ರೆಯಲ್ಲಿ ತಪಾಸಣೆ ನಡೆಯಿತು. ಗಂಡಿನ ಅಂಗಗಳು ಇಲ್ಲ, ಹಾಗಾಗಿ ಇದು 3ನೇ ದರ್ಜೆಯ ಅಂಗವೈಕಲ್ಯ ಅಂತ ಬರೆದರು. ಆ ಒಂದು ಸಾಲಿನ ಆಧಾರದ ಮೇಲೆ ಅವರನ್ನು ಸೇನೆಯಿಂದ ತೆಗೆದರು.

ಅದೇ ದಿನ ಈ ಪತ್ರಿಕಾಗೋಷ್ಠಿ. ಮಾತಾಡುತ್ತಾ ಮಾತಾಡುತ್ತಾ ಅವರಿಗೆ ಅಳು ಬಂತು. ಈ ದೇಶವನ್ನು ಕಾಯುವ ಒಳ್ಳೆಯ ಸೈನಿಕಳಾಗಬಲ್ಲೆ ಅಂತ ಎಲ್ಲರಿಗೂ ತೋರಿಸಬೇಕು ಎಂದರು. ಬೆನ್ನು ನೆಟ್ಟಗೆ ಮಾಡಿ ಸೆಲ್ಯೂಟ್ ಹೊಡೆದರು.

ಆ ದೃಶ್ಯ ನೋಡಿದಾಗಿನಿಂದ ನನ್ನ ತಲೆಯಲ್ಲಿ ಒಂದೇ ವಿಷಯ ಸುತ್ತುತ್ತಿದೆ. ಇವರಿಗೆ ಟ್ಯಾಂಕ್ ಓಡಿಸೋಕೆ ಬರುತ್ತಾ, ಇಲ್ವಾ? ಸೇನೆಗೆ ಬೇಕಾಗಿದ್ದ ಪ್ರಶ್ನೆ ಅದೊಂದೇ. ಅವರನ್ನು ಮನೆಗೆ ಕಳಿಸಿದ ತೀರ್ಮಾನದಲ್ಲಿ ಆ ಪ್ರಶ್ನೆಗೆ ಜಾಗವೇ ಇರಲಿಲ್ಲ.

ಟ್ರಾನ್ಸ್‌ಜೆಂಡರ್ ಜನ ಸೇನೆಯಲ್ಲಿ ಇರಬೇಕಾ, ಬೇಡವಾ ಎಂಬುದು ಇವತ್ತು ನನಗೆ ಕೊಟ್ಟ ವಿಷಯ. ನನ್ನ ಉತ್ತರ ಮೊದಲೇ ಹೇಳಿಬಿಡುತ್ತೇನೆ. ಇರಬೇಕು. ಅವರಿಗೆ ಉಪಕಾರ ಮಾಡಿ ಅಂತ ನಾನು ಕೇಳುತ್ತಿಲ್ಲ. ಬೇರೆ ಎಲ್ಲರಿಗೂ ಹಿಡಿಯುವ ಅಳತೆಗೋಲನ್ನೇ ಅವರಿಗೂ ಹಿಡಿಯಿರಿ. ಓಡಲಿ, ಭಾರ ಹೊರಲಿ, ಗುರಿ ಇಟ್ಟು ಹೊಡೆಯಲಿ, ವೈದ್ಯರ ಮುಂದೆ ನಿಲ್ಲಲಿ. ಪಾಸಾದರೆ ಒಳಗೆ, ಫೇಲಾದರೆ ಮನೆಗೆ. ಅಳೆಯುವ ಮೊದಲೇ ಬಾಗಿಲು ಹಾಕಬೇಡಿ, ಅಳೆದು ಪಾಸು ಮಾಡಿದ ಮೇಲೆ ಹೊರಗೆ ತಳ್ಳಬೇಡಿ.

ಪದಗಳ ಬಗ್ಗೆ ಒಂದು ಮಾತು. ಈ ವಿಷಯ ಬಂದ ಕೂಡಲೇ ಕನ್ನಡಿಗರಾದ ನಮ್ಮ ಬಾಯಿಗೆ ಬರುವುದು 'ಮಂಗಳಮುಖಿ' ಅನ್ನುವ ಪದ. ಅದು ಟ್ರಾನ್ಸ್ ಮಹಿಳೆಯರಿಗೆ ಹೇಳುವ ಮಾತು. ಪತ್ರಿಕೆಗಳು 'ಲಿಂಗತ್ವ ಅಲ್ಪಸಂಖ್ಯಾತರು' ಅಂತ ಬರೆಯುತ್ತವೆ. ಅದರಲ್ಲಿ ಟ್ರಾನ್ಸ್ ಪುರುಷರೂ ಸೇರುತ್ತಾರೆ. ಅಂದರೆ ಹುಟ್ಟಿದಾಗ ಹೆಣ್ಣು ಎಂದು ದಾಖಲಾಗಿ, ಗಂಡಾಗಿ ಬಾಳುವವರು. ನಮಗೆ ಅವರ ನೆನಪೇ ಬರುವುದಿಲ್ಲ. ಆದರೆ ಸೇನೆಗಳ ಹಳೆಯ ಚರಿತ್ರೆ ತೆರೆದರೆ ಕಣ್ಣಿಗೆ ಬೀಳುವವರು ಹೆಚ್ಚಾಗಿ ಇಂಥವರೇ.

ಆಲ್ಬರ್ಟ್ ಕ್ಯಾಶಿಯರ್ ಅಂಥ ಒಬ್ಬರು. ಐರ್ಲೆಂಡಿನಲ್ಲಿ ಹುಟ್ಟಿ ಅಮೆರಿಕಕ್ಕೆ ಬಂದವರು. 1862ರ ಆಗಸ್ಟ್‌ನಲ್ಲಿ, ಅಂತರ್ಯುದ್ಧದ ನಡುವೆ, ಇಲಿನಾಯ್ ರಾಜ್ಯದ 95ನೇ ಪದಾತಿ ದಳ ಸೇರಿದರು. ಓದು ಬರಹ ಬಾರದು. ತಮ್ಮ ಕಂಪನಿಯಲ್ಲೇ ಗಿಡ್ಡ ಆಳು. ಮೂರು ವರ್ಷದಲ್ಲಿ ಸುಮಾರು 40 ಕಾದಾಟ ಕಂಡರು. ವಿಕ್ಸ್‌ಬರ್ಗ್ ಮುತ್ತಿಗೆಯಲ್ಲೂ ಇದ್ದರು. ಒಮ್ಮೆ ಶತ್ರುಗಳ ಕೈಗೆ ಸಿಕ್ಕಿಬಿದ್ದು, ಕಾವಲುಗಾರನ ಬಂದೂಕು ಕಿತ್ತುಕೊಂಡು ಓಡಿಬಂದರು ಅಂತ ಜೊತೆಯವರು ನೆನೆಯುತ್ತಿದ್ದರು.

ಯುದ್ಧ ಮುಗಿಯಿತು. ಒಂದು ಸಣ್ಣ ಊರಲ್ಲಿ ಕೂಲಿ ಮಾಡಿಕೊಂಡು, ಬೀದಿ ದೀಪ ಹಚ್ಚಿಕೊಂಡು ಒಂಟಿಯಾಗಿ ಬಾಳಿದರು. ಮುದಿ ವಯಸ್ಸಿನಲ್ಲಿ ಕಾರು ತಗುಲಿ ಕಾಲು ಮುರಿಯಿತು. ಚಿಕಿತ್ಸೆಗೆ ಬಂದ ವೈದ್ಯರಿಗೆ ಅವರದು ಹೆಣ್ಣಿನ ದೇಹ ಅಂತ ಆಗ ತಿಳಿಯಿತು. ಆ ವೈದ್ಯರು ಗುಟ್ಟು ಬಿಡಲಿಲ್ಲ. 1911ರಲ್ಲಿ ಕ್ಯಾಶಿಯರ್ ನಿವೃತ್ತ ಸೈನಿಕರ ಆಶ್ರಯಧಾಮ ಸೇರಿದರು. ಮುಂದೆ ನೆನಪು ಕೈಕೊಟ್ಟಾಗ ಅವರನ್ನು ಮಾನಸಿಕ ಆಸ್ಪತ್ರೆಗೆ ಸಾಗಿಸಿದರು. ಅಷ್ಟರಲ್ಲಿ ಗುಟ್ಟು ರಟ್ಟಾಗಿತ್ತು. ಎಪ್ಪತ್ತು ವರ್ಷದ ಆ ಹಳೆಯ ಸಿಪಾಯಿಗೆ ಆಸ್ಪತ್ರೆಯವರು ಬಲವಂತವಾಗಿ ಲಂಗ ತೊಡಿಸಿದರು. ಐವತ್ತು ವರ್ಷ ಪ್ಯಾಂಟಿನಲ್ಲಿ ನಡೆದ ಕಾಲು. ಲಂಗ ತೊಡರಿ ಬಿದ್ದರು. ಸೊಂಟದ ಮೂಳೆ ಮುರಿಯಿತು. ಆಮೇಲೆ ಚೇತರಿಸಿಕೊಳ್ಳಲೇ ಇಲ್ಲ.

ಇದರ ನಡುವೆ ಪಿಂಚಣಿ ಇಲಾಖೆಗೆ ಅನುಮಾನ ಬಂತು. ಇದರಲ್ಲಿ ಏನೋ ಮೋಸ ಇದೆ ಅಂತ ತನಿಖೆ ಶುರು ಮಾಡಿತು. ಆಗ ಮುಂದೆ ಬಂದವರು 95ನೇ ದಳದ ಮುದುಕರು. ಇವರೇ ನಮ್ಮ ಆಲ್ಬರ್ಟ್, ನಮ್ಮ ಜೊತೆ ಯುದ್ಧ ಮಾಡಿದವರು ಇವರೇ ಅಂತ ಸಾಕ್ಷಿ ಹೇಳಿದರು. ಪಿಂಚಣಿ ಉಳಿಯಿತು. 1915ರಲ್ಲಿ ತೀರಿಕೊಂಡಾಗ ಸಮವಸ್ತ್ರದಲ್ಲೇ ಮಣ್ಣು ಮಾಡಿದರು. ಸಮಾಧಿಯ ಕಲ್ಲಿನ ಮೇಲೆ ಆಲ್ಬರ್ಟ್ ಕ್ಯಾಶಿಯರ್ ಎಂಬ ಹೆಸರನ್ನೇ ಕೆತ್ತಿದರು, ದಳದ ಹೆಸರಿನ ಜೊತೆಗೆ.

'ಟ್ರಾನ್ಸ್‌ಜೆಂಡರ್' ಅನ್ನುವ ಪದ ಕ್ಯಾಶಿಯರ್ ಕಾಲದಲ್ಲಿ ಇರಲಿಲ್ಲ. ಅವರ ಬಾಯಲ್ಲಿ ಆ ಪದ ಇಡಲು ನನಗೆ ಹಕ್ಕಿಲ್ಲ. ಆದರೆ ಈ ಕತೆಯನ್ನು ಇಷ್ಟು ಉದ್ದ ಹೇಳಿದ್ದಕ್ಕೆ ಕಾರಣ ಇದೆ. 'ಇಂಥವರು ಬಂದರೆ ತುಕಡಿಯ ಒಗ್ಗಟ್ಟು ಒಡೆಯುತ್ತೆ' ಅನ್ನುವುದು ವಿರೋಧಿಸುವವರ ದೊಡ್ಡ ವಾದ. ಒಗ್ಗಟ್ಟು ಅಂದರೆ ಏನು? ಗುಂಡು ಹಾರುವಾಗ ಪಕ್ಕದವನು ಓಡಿಹೋಗುವುದಿಲ್ಲ ಅನ್ನುವ ನಂಬಿಕೆ. ಆ ನಂಬಿಕೆಯನ್ನು ಕ್ಯಾಶಿಯರ್ ಗಳಿಸಿದ್ದರು. ಐವತ್ತು ವರ್ಷ ಆದ ಮೇಲೆ, ದೇಹದ ವಿಷಯ ಗೊತ್ತಾದ ಮೇಲೂ, ಜೊತೆಗಾರರು ಬಿಟ್ಟುಕೊಡಲಿಲ್ಲ.

ಇದು ಹಳೆಯ ಕತೆ ಅಂದರೆ ಹೊಸದು ತಗೊಳ್ಳಿ. ಅಮೆರಿಕದಲ್ಲಿ 2016ರ ಜೂನ್ 30ರಂದು ರಕ್ಷಣಾ ಕಾರ್ಯದರ್ಶಿ ಆಶ್ಟನ್ ಕಾರ್ಟರ್ ನಿಷೇಧ ತೆಗೆದರು. ಅದುವರೆಗೆ ಮುಚ್ಚಿಟ್ಟುಕೊಂಡು ಕೆಲಸ ಮಾಡುತ್ತಿದ್ದವರು ಬಹಿರಂಗವಾಗಿ ಹೇಳಿಕೊಂಡರು. 2018ರ ಏಪ್ರಿಲ್‌ನಲ್ಲಿ ಸೆನೆಟ್ ಸಮಿತಿ ಪಡೆಗಳ ಮುಖ್ಯಸ್ಥರನ್ನು ಕೇಳಿತು: ಇದರಿಂದ ಒಗ್ಗಟ್ಟು, ಶಿಸ್ತು ಹಾಳಾದ ದೂರು ಬಂದಿದೆಯಾ? ಭೂಸೇನೆಯ ಮುಖ್ಯಸ್ಥರಾಗಿದ್ದ ಜನರಲ್ ಮಾರ್ಕ್ ಮಿಲ್ಲಿ, ಅಂಥ ವರದಿ ಒಂದೂ ಬಂದಿಲ್ಲ, ಸೊನ್ನೆ ಎಂದರು. ಕೇಳಿದ ಉಳಿದ ಮುಖ್ಯಸ್ಥರಿಂದಲೂ ಸಮಸ್ಯೆ ಆಗಿದೆ ಅನ್ನುವ ಉತ್ತರ ಬರಲಿಲ್ಲ.

ಒಗ್ಗಟ್ಟಿನ ವಾದಕ್ಕೆ ವಯಸ್ಸೂ ಜಾಸ್ತಿ. 1948ರ ಜುಲೈ 26ರಂದು ಅಧ್ಯಕ್ಷ ಟ್ರೂಮನ್ ಸೇನೆಯಲ್ಲಿ ಕರಿಯರು, ಬಿಳಿಯರು ಎಂಬ ಭೇದ ತೆಗೆಯುವ ಆದೇಶಕ್ಕೆ ಸಹಿ ಹಾಕಿದರು. ಆಗಲೂ ಒಗ್ಗಟ್ಟು ಒಡೆಯುತ್ತೆ ಎಂದಿದ್ದರು. ಸಲಿಂಗಿಗಳ ವಿಷಯದಲ್ಲೂ ಇದೇ ಮಾತು ಬಂತು, ಆ ನಿಷೇಧ 2011ರಲ್ಲಿ ಹೋಯಿತು. ಹೆಂಗಸರು ಸಬ್‌ಮರೀನಿಗೆ ಹೋಗುವ ವಿಷಯದಲ್ಲೂ ಬಂತು. ಟ್ರೂಮನ್ ಆದೇಶಕ್ಕೆ ಸರಿಯಾಗಿ 69 ವರ್ಷ ತುಂಬಿದ ದಿನ, 2017ರ ಜುಲೈ 26ರಂದು, ಅಧ್ಯಕ್ಷ ಟ್ರಂಪ್ ಟ್ರಾನ್ಸ್‌ಜೆಂಡರ್ ಜನರಿಗೆ ಸೇನೆಯಲ್ಲಿ ಜಾಗ ಇಲ್ಲ ಅಂತ ಟ್ವೀಟ್ ಮಾಡಿದರು.

ಇನ್ನು ದೇಹದ ಮಾತು. ನನ್ನ ಪ್ರಕಾರ ವಿರೋಧಿಸುವವರ ಗಟ್ಟಿ ವಾದ ಇದೇ. ಅದನ್ನು ಹಗುರವಾಗಿ ತಳ್ಳಿಹಾಕುವುದು ಸರಿಯಲ್ಲ.

ಸಭೆಯಲ್ಲಿ ಒಬ್ಬ ಹಿರಿಯರು ಹೀಗೆ ಕೇಳಿದರು: "ಆಸ್ತಮಾ ಇದ್ದರೆ ಸೇನೆ ಬೇಡ ಅನ್ನುತ್ತೆ. ಕಣ್ಣು ಸರಿ ಇಲ್ಲದಿದ್ದರೆ ಬೇಡ ಅನ್ನುತ್ತೆ. ಅದನ್ನು ಯಾರೂ ಅನ್ಯಾಯ ಅನ್ನಲ್ಲ. ಸೈನಿಕನಾಗೋದು ಯಾರ ಹಕ್ಕೂ ಅಲ್ಲ. ಮತ್ತೆ ಇವರಿಗೆ ಮಾತ್ರ ಯಾಕೆ ಸಾರ್ ಬೇರೆ ನ್ಯಾಯ?"

ಅವರು ಹೇಳಿದ್ದರಲ್ಲಿ ಮುಕ್ಕಾಲು ಪಾಲು ನಾನು ಒಪ್ಪುತ್ತೇನೆ. ಸೈನಿಕನಾಗುವುದು ಹಕ್ಕಲ್ಲ. ಯುದ್ಧಭೂಮಿಗೆ ರೋಗಿಯನ್ನು ಕಳಿಸಿದರೆ ಅವರ ಜೊತೆಗೆ ಇನ್ನೂ ನಾಲ್ಕು ಜನರ ಜೀವಕ್ಕೆ ಅಪಾಯ. ಹಾರ್ಮೋನ್ ಔಷಧಿ ತೆಗೆದುಕೊಳ್ಳುವವರಿಗೆ ಅದರ ಪೂರೈಕೆ ಬೇಕು. ಶಸ್ತ್ರಚಿಕಿತ್ಸೆ ಆದರೆ ತಿಂಗಳುಗಟ್ಟಲೆ ಆರಾಮ ಬೇಕು. ಆ ಹೊತ್ತಿನಲ್ಲಿ ಗಡಿಗೆ ಕಳಿಸಲು ಆಗುವುದಿಲ್ಲ. ಇದೆಲ್ಲ ನಿಜ. ಇದನ್ನು ಮುಚ್ಚಿಟ್ಟು ವಾದ ಮಾಡುವವರು ತಮ್ಮ ಪಕ್ಷಕ್ಕೇ ಕೆಡುಕು ಮಾಡುತ್ತಾರೆ.

ಆದರೆ ಮಂಡಿ ಆಪರೇಷನ್ ಆದ ಸೈನಿಕರಿಗೂ ತಿಂಗಳುಗಟ್ಟಲೆ ಆರಾಮ ಬೇಕು, ಅಲ್ವಾ? ಹೆರಿಗೆಯಾದವರಿಗೂ ಬೇಕು. ಅವರನ್ನು ಸೇನೆ ವಜಾ ಮಾಡುವುದಿಲ್ಲ. ಗುಣವಾಗುವವರೆಗೆ ಬೇರೆ ಕೆಲಸ ಕೊಡುತ್ತೆ, ಆಮೇಲೆ ಮತ್ತೆ ತಪಾಸಣೆ ಮಾಡುತ್ತೆ. ಅಮೆರಿಕದ 2016ರ ನಿಯಮವೂ ಇದೇ ದಾರಿ ಹಿಡಿದಿತ್ತು. ಹೊಸದಾಗಿ ಸೇರುವವರು ಚಿಕಿತ್ಸೆ ಮುಗಿಸಿ 18 ತಿಂಗಳು ಆರೋಗ್ಯವಾಗಿ, ಸ್ಥಿರವಾಗಿ ಇದ್ದಾರೆ ಅಂತ ವೈದ್ಯರು ಬರೆದುಕೊಡಬೇಕಿತ್ತು. ಕಠಿಣ ನಿಯಮವೇ. ಆದರೂ ನಾನು ಅದನ್ನು ಒಪ್ಪುತ್ತೇನೆ. ಯಾಕೆಂದರೆ ಅದು ಎದುರಿಗೆ ನಿಂತ ಒಬ್ಬ ವ್ಯಕ್ತಿಯನ್ನು ಅಳೆಯುತ್ತಿತ್ತು. ದಾಟಲು ಆಗುವಂಥ ಗೆರೆ ಅದು.

ಆಸ್ತಮಾ ವಿಷಯಕ್ಕೇ ಬನ್ನಿ. ಅಮೆರಿಕದಲ್ಲಿ 13 ವರ್ಷ ದಾಟಿದ ಮೇಲೆ ಆಸ್ತಮಾ ಇದ್ದರೆ ಸೇನೆಗೆ ಅನರ್ಹ. ಆದರೆ ಒಬ್ಬೊಬ್ಬರನ್ನೂ ಪರೀಕ್ಷೆ ಮಾಡಿ ವಿನಾಯಿತಿ ಕೊಡುವ ದಾರಿ ಇದೆ. ಉಸಿರು ಚೆನ್ನಾಗಿದ್ದರೆ ಒಳಗೆ ಬರಬಹುದು. 2025ರ ಫೆಬ್ರವರಿಯ ಹೊಸ ನಿಯಮದಲ್ಲಿ ಟ್ರಾನ್ಸ್‌ಜೆಂಡರ್ ಜನರಿಗೂ ವಿನಾಯಿತಿ ಅಂತ ಒಂದು ಸಾಲು ಇದೆ. ಷರತ್ತು ಏನು ಗೊತ್ತಾ? ಹುಟ್ಟಿನ ಲಿಂಗದಲ್ಲೇ ಸತತ 36 ತಿಂಗಳು ತೊಳಲಾಟವಿಲ್ಲದೆ ಇದ್ದಿರಬೇಕು. ಬದಲಾಗಲು ಯಾವತ್ತೂ ಪ್ರಯತ್ನ ಪಟ್ಟಿರಬಾರದು. ಅಂದರೆ ಟ್ರಾನ್ಸ್‌ಜೆಂಡರ್ ಆಗಿರಲೇಬಾರದು. ಆಸ್ತಮಾ ಇರುವವರಿಗೆ ಓಡಿ ತೋರಿಸು ಅನ್ನುತ್ತಾರೆ. ಇವರು ಎಷ್ಟು ಚೆನ್ನಾಗಿ ಓಡಿದರೂ ಲೆಕ್ಕಕ್ಕಿಲ್ಲ. ಆ ಹಿರಿಯರು ಕೇಳಿದ 'ಬೇರೆ ನ್ಯಾಯ' ಇರುವುದು ಇಲ್ಲಿ.

ಕೆಲವರು ಟ್ರಾನ್ಸ್‌ಜೆಂಡರ್ ಆಗಿರುವುದನ್ನೇ ಮಾನಸಿಕ ಕಾಯಿಲೆ ಅನ್ನುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಒಪ್ಪಿದ ಹೊಸ ರೋಗಪಟ್ಟಿಯಲ್ಲಿ ಮಾನಸಿಕ ಕಾಯಿಲೆಗಳ ಅಧ್ಯಾಯದಿಂದ ಇದನ್ನು ತೆಗೆದಿದೆ. ತೊಳಲಾಟ ಇರುವವರಿಗೆ ಚಿಕಿತ್ಸೆ ಬೇಕು, ನಿಜ. ಸಿಕ್ಕಿದ ಮೇಲೆ ಹೇಗಿದ್ದಾರೆ ಅಂತ ನೋಡಿ, ಅಷ್ಟೇ.

ಖರ್ಚಿನ ಮಾತು ಬೇಗ ಮುಗಿಸುತ್ತೇನೆ. ಅಮೆರಿಕದ ರಕ್ಷಣಾ ಇಲಾಖೆಯೇ ಕೊಟ್ಟ ಲೆಕ್ಕದ ಪ್ರಕಾರ 2015ರಿಂದ 2024ರವರೆಗೆ ಈ ಚಿಕಿತ್ಸೆಗಳಿಗೆ ಆದ ಖರ್ಚು ಸುಮಾರು 5.2 ಕೋಟಿ ಡಾಲರ್. ಅಲ್ಲಿನ ಸೇನಾ ಆರೋಗ್ಯದ ಬಜೆಟ್ ಒಂದು ವರ್ಷಕ್ಕೇ 5,000 ಕೋಟಿ ಡಾಲರ್ ದಾಟುತ್ತದೆ. ಇಷ್ಟು ಸಾಕು.

ಸ್ನಾನದ ಮನೆ, ಮಲಗುವ ಕೋಣೆ? ಇದನ್ನು ಕೇಳುವವರಿಗೆಲ್ಲ ದ್ವೇಷ ಇದೆ ಅಂತ ನಾನು ಅಂದುಕೊಳ್ಳುವುದಿಲ್ಲ. ಅಪರಿಚಿತರ ಮುಂದೆ ಬಟ್ಟೆ ಬಿಚ್ಚುವುದು ಯಾರಿಗೂ ಸುಲಭ ಅಲ್ಲ, ಟ್ರಾನ್ಸ್‌ಜೆಂಡರ್ ಸೈನಿಕರಿಗಂತೂ ಇನ್ನೂ ಕಷ್ಟ. ಆದರೆ ಇದು ಪರದೆ, ಬಾಗಿಲು, ಸಮಯ ಹಂಚಿಕೆಯಿಂದ ಬಗೆಹರಿಯುವ ಸಮಸ್ಯೆ. ಸಬ್‌ಮರೀನಿಗಿಂತ ಇಕ್ಕಟ್ಟಾದ ಜಾಗ ಇನ್ನೊಂದಿಲ್ಲ. ಅಮೆರಿಕದ ನೌಕಾಪಡೆ 2010ರಲ್ಲಿ ಅಲ್ಲಿಗೂ ಹೆಂಗಸರನ್ನು ಬಿಟ್ಟುಕೊಂಡಿತು. ವ್ಯವಸ್ಥೆ ಮಾಡಿಕೊಂಡರು. ಇವತ್ತಿಗೂ ಆ ಸಬ್‌ಮರೀನುಗಳು ಸಮುದ್ರದಲ್ಲಿವೆ.

ದೈಹಿಕ ಶಕ್ತಿಯ ಪ್ರಶ್ನೆಯೂ ಬಂತು. ಹೆಣ್ಣಿಗೆ ಒಂದು ಸಮಯ, ಗಂಡಿಗೆ ಒಂದು ಸಮಯ ಅಂತ ಓಟದ ಪರೀಕ್ಷೆ ಇದ್ದರೆ ಟ್ರಾನ್ಸ್ ಮಹಿಳೆಗೆ ಯಾವುದು? ನ್ಯಾಯವಾದ ಪ್ರಶ್ನೆ. ನನ್ನ ಉತ್ತರ ಇಷ್ಟು: ಯುದ್ಧದ ಕೆಲಸಕ್ಕೆ ಕೆಲಸವೇ ಅಳತೆ ಆಗಲಿ. ಗಾಯಗೊಂಡವರನ್ನು ಎಳೆದು ತರಬೇಕು ಅಂದರೆ ಆ ಭಾರ ಎಲ್ಲರಿಗೂ ಒಂದೇ ತಾನೆ. ಎಳೆಯುವವರು ಯಾರಾದರೇನು?

ಈಗ ನನಗೆ ತುಂಬಾ ನೋವು ಕೊಟ್ಟ ವಿಷಯಕ್ಕೆ ಬರುತ್ತೇನೆ.

2025ರ ಜನವರಿ 27ರಂದು ಟ್ರಂಪ್ ಹೊಸ ಆದೇಶ ಹೊರಡಿಸಿದರು. ಅದರಲ್ಲಿ ಖರ್ಚು, ಆರೋಗ್ಯದ ಮಾತಷ್ಟೇ ಇಲ್ಲ. ಹುಟ್ಟಿನ ಲಿಂಗಕ್ಕೆ ಹೊಂದದ ಗುರುತು ಇಟ್ಟುಕೊಂಡು ಬಾಳುವುದು ಸೈನಿಕರ ಗೌರವದ, ಸತ್ಯದ, ಶಿಸ್ತಿನ ಬಾಳಿಗೆ ವಿರುದ್ಧ ಎಂದು ಬರೆದಿದ್ದಾರೆ. ಅಂದರೆ ಇವರೆಲ್ಲ ಸುಳ್ಳುಗಾರರು ಅಂತ. ಒಂದು ದೇಶ ತನ್ನದೇ ಸೈನಿಕರ ಬಗ್ಗೆ ಹೇಳಿದ ಮಾತಿದು.

ಇವರು ಸುಳ್ಳು ಹೇಳಿದ್ದು ಯಾವಾಗ? 2016ಕ್ಕೆ ಮೊದಲು, ಬಾಯಿಬಿಟ್ಟರೆ ಕೆಲಸ ಹೋಗುತ್ತಿದ್ದಾಗ. ಆಗ ಸೇನೆಗೆ ಅವರಿಂದ ತೊಂದರೆ ಇರಲಿಲ್ಲ. ಸರ್ಕಾರವೇ 'ಹೇಳಿಕೊಳ್ಳಿ, ಏನೂ ಆಗಲ್ಲ' ಅಂದಿತು. ಅವರು ನಂಬಿದರು. ಕಮಾಂಡರಿಗೆ ಹೇಳಿದರು, ವೈದ್ಯರಿಗೆ ಹೇಳಿದರು, ಕಡತದಲ್ಲಿ ಬರೆಸಿದರು. ಒಂಬತ್ತು ವರ್ಷ ಆದ ಮೇಲೆ ಅದೇ ಕಡತವೇ ಅವರನ್ನು ಹುಡುಕುವ ಪಟ್ಟಿ ಆಯಿತು. 2024ರ ಡಿಸೆಂಬರ್ ಹೊತ್ತಿಗೆ ಜೆಂಡರ್ ಡಿಸ್ಫೋರಿಯಾ, ಅಂದರೆ ಹುಟ್ಟಿನ ಲಿಂಗ ತಮ್ಮ ಗುರುತಿಗೆ ಹೊಂದದೆ ಆಗುವ ತೊಳಲಾಟ, ಅಂತ ದಾಖಲಾಗಿದ್ದವರು ಸುಮಾರು 4,240 ಮಂದಿ. 20 ಲಕ್ಷ ದಾಟುವ ಪಡೆಯಲ್ಲಿ ಇಷ್ಟು. ನಿಜ ಹೇಳಿದವರಿಗೇ ಸುಳ್ಳುಗಾರರು ಎಂಬ ಹಣೆಪಟ್ಟಿ. ಇದಕ್ಕಿಂತ ದೊಡ್ಡ ನಂಬಿಕೆದ್ರೋಹ ಯಾವುದಿದೆ ಹೇಳಿ?

ಅವರಲ್ಲಿ ಒಬ್ಬರು ನೌಕಾಪಡೆಯ ಕಮಾಂಡರ್ ಎಮಿಲಿ ಶಿಲ್ಲಿಂಗ್. ಯುದ್ಧವಿಮಾನದ ಪೈಲಟ್. 19 ವರ್ಷಕ್ಕೂ ಹೆಚ್ಚಿನ ಸೇವೆ, 60ಕ್ಕೂ ಹೆಚ್ಚು ಯುದ್ಧ ಕಾರ್ಯಾಚರಣೆ. ಆಮೇಲೆ ಹೊಸ ವಿಮಾನಗಳನ್ನು ಪರೀಕ್ಷಿಸುವ ಪೈಲಟ್ ಆದವರು. ಅವರು ಕೋರ್ಟಿಗೆ ಹೋದರು. 2025ರ ಮಾರ್ಚ್‌ನಲ್ಲಿ ತಡೆಯಾಜ್ಞೆ ಕೊಟ್ಟ ನ್ಯಾಯಾಧೀಶ ಬೆಂಜಮಿನ್ ಸೆಟಲ್, ಇವರಿಂದ ತುಕಡಿಯ ಒಗ್ಗಟ್ಟಿಗೆ ಅಥವಾ ಸೇನೆಯ ಸಿದ್ಧತೆಗೆ ಧಕ್ಕೆ ಆಗಿದೆ ಎಂಬುದಕ್ಕೆ ಯಾವ ಪುರಾವೆಯೂ ಇಲ್ಲ, ಹಾಗಂತ ಸರ್ಕಾರ ಹೇಳುತ್ತಲೂ ಇಲ್ಲ ಎಂದು ಬರೆದರು. ಅದಕ್ಕೆ ಕೆಲವು ದಿನ ಮೊದಲು ಇನ್ನೊಂದು ಪ್ರಕರಣದಲ್ಲಿ ನ್ಯಾಯಾಧೀಶೆ ಆನಾ ರೇಯಸ್ ಕೂಡ ಆದೇಶವನ್ನು ತಡೆದಿದ್ದರು. ಆದರೆ ಮೇ 6ರಂದು ಸುಪ್ರೀಂ ಕೋರ್ಟ್, ಪ್ರಕರಣ ಮುಗಿಯುವವರೆಗೆ ನಿಷೇಧ ಜಾರಿಯಲ್ಲಿರಲಿ ಎಂದಿತು. ಮೂವರು ನ್ಯಾಯಮೂರ್ತಿಗಳು ಒಪ್ಪಲಿಲ್ಲ. ಎರಡೇ ದಿನದಲ್ಲಿ ರಕ್ಷಣಾ ಇಲಾಖೆ ಗಡುವು ಹಾಕಿತು: ಜೂನ್ 6ರೊಳಗೆ ನೀವಾಗಿಯೇ ಹೊರಡಿ, ಇಲ್ಲದಿದ್ದರೆ ನಾವೇ ಕಳಿಸುತ್ತೇವೆ. ಆ ಆಗಸ್ಟ್‌ನಲ್ಲಿ ವಾಯುಪಡೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. 15ರಿಂದ 18 ವರ್ಷ ಸೇವೆ ಮಾಡಿದ ಟ್ರಾನ್ಸ್‌ಜೆಂಡರ್ ಸೈನಿಕರಿಗೆ ಅವಧಿಗೆ ಮುಂಚಿನ ನಿವೃತ್ತಿಯೂ ಇಲ್ಲ ಎಂದಿತು. ಅಂದರೆ ಪಿಂಚಣಿಯೂ ಇಲ್ಲ. 18 ವರ್ಷ ದುಡಿದವರಿಗೆ.

ಕ್ಯಾಶಿಯರ್ ಪಿಂಚಣಿ ನೆನಪಿದೆ ತಾನೆ? ಅದನ್ನು ಉಳಿಸಿದ್ದು ನೂರು ವರ್ಷದ ಹಿಂದಿನ ಅಮೆರಿಕ.

ಭಾರತದಲ್ಲೂ ಇಂಥದ್ದು ಆಗಿದೆ. 2014ರ ಏಪ್ರಿಲ್ 15ರಂದು ಸುಪ್ರೀಂ ಕೋರ್ಟ್ ನಾಲ್ಸಾ (ರಾಷ್ಟ್ರೀಯ ಕಾನೂನು ಸೇವೆಗಳ ಪ್ರಾಧಿಕಾರ) ಪ್ರಕರಣದ ತೀರ್ಪಿನಲ್ಲಿ ಲಿಂಗತ್ವವನ್ನು ತಾವೇ ಗುರುತಿಸಿಕೊಳ್ಳುವ ಹಕ್ಕು ಪ್ರತಿಯೊಬ್ಬರಿಗೂ ಇದೆ ಎಂದಿತು. ಮೂರು ವರ್ಷದ ಮೇಲೆ, 2017ರಲ್ಲಿ, ವಿಶಾಖಪಟ್ಟಣದ ನೌಕಾನೆಲೆಯಲ್ಲಿದ್ದ ಒಬ್ಬ ನಾವಿಕರನ್ನು ಲಿಂಗ ಬದಲಾವಣೆಯ ಶಸ್ತ್ರಚಿಕಿತ್ಸೆಯ ನಂತರ ಸೇವೆಯಿಂದ ಬಿಡುಗಡೆ ಮಾಡಿದರು. ಬದಲಾದ ಲಿಂಗದೊಂದಿಗೆ ಮುಂದುವರಿಸಲು ನಿಯಮದಲ್ಲಿ ಅವಕಾಶ ಇಲ್ಲ ಎಂಬುದು ಕಾರಣ. ಕೆಲಸ ಚೆನ್ನಾಗಿ ಮಾಡಲಿಲ್ಲ ಎಂಬುದಲ್ಲ. ಇನ್ನೊಂದು ಕಡೆ ಛತ್ತೀಸಗಢ ನೋಡಿ. 2021ರಲ್ಲಿ ಅಲ್ಲಿನ ಪೊಲೀಸ್ ಪಡೆಗೆ 13 ಮಂದಿ ಟ್ರಾನ್ಸ್‌ಜೆಂಡರ್ ಕಾನ್‌ಸ್ಟೆಬಲ್‌ಗಳು ಆಯ್ಕೆಯಾದರು. ಮರುವರ್ಷ ನಕ್ಸಲರ ವಿರುದ್ಧ ಕಟ್ಟಿದ ಬಸ್ತರ್ ಫೈಟರ್ಸ್ ಪಡೆಗೆ 9 ಮಂದಿ ಬಂದರು. ಬಂದೂಕು ಹಿಡಿದು ಕಾಡಿಗೆ ಇಳಿಯುವ ಕೆಲಸ ಅದು. ಪರೀಕ್ಷೆ ಇತ್ತು, ಪಾಸಾದರು, ಸೇರಿದರು.

ಒಬ್ಬ ಹುಡುಗಿ ಎದ್ದು ಕೇಳಿದಳು: "ಯುದ್ಧವೇ ಬೇಡ ಅನ್ನೋರು ನಾವು. ಮತ್ತೆ ಸೇನೆಗೆ ಸೇರೋ ಹಕ್ಕಿಗಾಗಿ ಯಾಕೆ ಮಾತಾಡಬೇಕು?" ಯುದ್ಧ ಬೇಡ ಅನ್ನುವುದು ನನಗೂ ಇಷ್ಟದ ಮಾತು. ಆದರೆ ನೋಡಮ್ಮ, ಎಲ್ಲರಿಗೂ ಸೇನೆ ಬೇಡ ಅನ್ನುವುದು ಒಂದು. ನಿನಗೆ ಮಾತ್ರ ಬೇಡ, ನೀನು ಆ ನಂಬಿಕೆಗೆ ತಕ್ಕವಳಲ್ಲ ಅನ್ನುವುದು ಇನ್ನೊಂದು. ಎರಡನೆಯದು ಸೇನೆಯ ಗೇಟಿನಲ್ಲಿ ನಿಲ್ಲುವುದಿಲ್ಲ. ಆಫೀಸಿಗೂ ಬರುತ್ತೆ, ಬಾಡಿಗೆ ಮನೆಗೂ ಬರುತ್ತೆ.

ಬ್ಯುನ್ ಹೀ-ಸೂ ಕತೆ ಅರ್ಧಕ್ಕೆ ಬಿಟ್ಟಿದ್ದೆ. ಪತ್ರಿಕಾಗೋಷ್ಠಿಯ ಮುಂದಿನ ತಿಂಗಳೇ ಕೋರ್ಟ್ ಅವರನ್ನು ಕಾನೂನಿನ ಪ್ರಕಾರ ಹೆಣ್ಣು ಎಂದು ಒಪ್ಪಿತು. ಸೇನೆ ಮಾತ್ರ ವಾಪಸ್ ತೆಗೆದುಕೊಳ್ಳಲಿಲ್ಲ. ಅವರು ಮೊಕದ್ದಮೆ ಹೂಡಿದರು. 2021ರ ಮಾರ್ಚ್ 3ರಂದು ಮನೆಯಲ್ಲಿ ಅವರ ಶವ ಸಿಕ್ಕಿತು. ತಂದೆ ತಾಯಿ ಮೊಕದ್ದಮೆ ಮುಂದುವರಿಸಿದರು. ಅಕ್ಟೋಬರ್‌ನಲ್ಲಿ ತೀರ್ಪು ಬಂತು: ವಜಾ ಮಾಡಿದ್ದು ಕಾನೂನುಬಾಹಿರ. ಅವರನ್ನು ಹೆಣ್ಣು ಎಂದು ಅಳೆಯಬೇಕಿತ್ತು, ಹಾಗೆ ಅಳೆದರೆ ಆ ದೇಹದಲ್ಲಿ ವೈಕಲ್ಯವೇ ಇಲ್ಲ ಎಂದಿತು ಕೋರ್ಟ್.

ಅಲ್ಲಿಗೂ ಮುಗಿಯಲಿಲ್ಲ. ಅವರ ಸೇವಾವಧಿ ಮುಗಿಯಬೇಕಿದ್ದದ್ದು 2021ರ ಫೆಬ್ರವರಿ 28ಕ್ಕೆ. ಸತ್ತದ್ದು ಅದಕ್ಕೆ ಮೊದಲೋ, ಆಮೇಲೋ ಎಂಬ ತಕರಾರು ಎದ್ದಿತು. ತನಿಖೆ ಮಾಡಿದ ಆಯೋಗ ಫೆಬ್ರವರಿ 27 ಎಂದಿತು. ಅಂದರೆ ಕೊನೆಯುಸಿರು ಎಳೆದಾಗ ಅವರು ಇನ್ನೂ ಸೈನಿಕರೇ. ಒಂದು ದಿನದ ಲೆಕ್ಕದಲ್ಲಿ. 2024ರಲ್ಲಿ ಸರ್ಕಾರ ಅದನ್ನು ಕರ್ತವ್ಯದ ಮೇಲಿನ ಸಾವು ಎಂದು ಒಪ್ಪಿಕೊಂಡಿತು. ಆ ಜೂನ್‌ನಲ್ಲಿ ಡೇಜಾನ್ ನಗರದ ರಾಷ್ಟ್ರೀಯ ಸ್ಮಶಾನದಲ್ಲಿ, ದೇಶಕ್ಕಾಗಿ ದುಡಿದ ಸೈನಿಕರ ಸಾಲಿನಲ್ಲಿ, ಅವರಿಗೂ ಜಾಗ ಸಿಕ್ಕಿತು.